ಪ್ರಥಮ ನೌಕಾವಿಹಾರ: ಕೋಣೆಯ ಸಂಖ್ಯೆ ಇಲ್ಲದ ಅಗ್ಗದ ಟಿಕೆಟು ಕೊಳ್ಳಬಹುದೇ?

ಮಂಗಳೂರಿನ ಬಂದರಿನಿಂದ ಹಡಗೇರಿ ಮುಂಬಯಿಗೆ ಬಂದಿಳಿದ ಹಿರಿಯರು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇದ್ದರು. ಆ ಪ್ರಯಾಣದಲ್ಲಿ ಬಹುಪಾಲು ಜನರಿಗೆ ಕೋಣೆ ಎಂಬುದೇ ಇರಲಿಲ್ಲ. ಡೆಕ್ಕಿನ ಮೇಲೆ ಚಾಪೆ ಬಿಡಿಸಿದಲ್ಲೇ ಸ್ಥಾನ, ಬುತ್ತಿಯ ಗಂಟೇ ತಲೆದಿಂಬು. ರಸ್ತೆ ಸುಧಾರಿಸಿ, ಬಸ್ಸು ಬಂದು, ಕೊನೆಗೆ 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡ ಮೇಲೆ ಹಡಗಿನ ಪ್ರಯಾಣವೆಂಬುದು ಕೇವಲ ನೆನಪಿನ ಮಾತಾಯಿತು. ಇದೀಗ ಅದೇ ಹಿರಿಯರ ಮಕ್ಕಳು, ಮೊಮ್ಮಕ್ಕಳು ಬದುಕಿನ ಅಗತ್ಯಕ್ಕಲ್ಲ, ರಜೆಯ ಸಂತೋಷಕ್ಕೆಂದು ಮತ್ತೆ ಹಡಗು ಹತ್ತುತ್ತಿದ್ದಾರೆ.

ಮುಂಬಯಿಯಿಂದ 2019ರಲ್ಲಿ ಆರಂಭವಾದ ಜಲೇಶ್ ಸಂಸ್ಥೆಯ 'ಕರ್ಣಿಕಾ' ಹಡಗಿನ ಸೇವೆ ಕೊರೋನಾ ಕಾಲದಲ್ಲಿ, 2020ರಲ್ಲೇ ನಿಂತುಹೋಯಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ಹಡಗು ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಹೊರಟಿತು; 2022ರ ಜೂನ್ ತಿಂಗಳಲ್ಲಿ ಚೆನ್ನೈ ಬಂದರಿನಿಂದಲೂ ಅದರ ಯಾನ ಆರಂಭವಾಯಿತು. ಅದಕ್ಕಿಂತ ತುಸು ಹೆಚ್ಚು ಖರ್ಚು ಮಾಡಬಲ್ಲವರು ವಿಮಾನದಲ್ಲಿ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ಮೂರು ನಾಲ್ಕು ರಾತ್ರಿಗಳ ವಿಹಾರಕ್ಕೆ ದೊಡ್ಡ ಹಡಗು ಹತ್ತುತ್ತಾರೆ. ಹೀಗೆ ಪ್ರಥಮ ಬಾರಿಗೆ ಹೊರಡುವ ಕುಟುಂಬಗಳು ಎದುರಿಸುವ ಒಂದು ಸಣ್ಣ ಪ್ರಶ್ನೆಯನ್ನು, ಅದು ಅಷ್ಟೇನೂ ಸಣ್ಣದಲ್ಲ ಎಂಬ ಕಾರಣಕ್ಕೆ, ಇಲ್ಲಿ ಸ್ವಲ್ಪ ವಿವರವಾಗಿ ನೋಡಲಾಗಿದೆ.

ಒಂದೇ ಹಡಗು, ಒಂದೇ ದಿನ, ಒಂದೇ ವರ್ಗದ ಕೋಣೆ; ಆದರೆ ದರ ಎರಡು. ಹೆಚ್ಚಿನ ದರ ಕೊಟ್ಟರೆ ಹಡಗಿನ ನಕ್ಷೆ ನೋಡಿ ಇಂಥದೇ ಕೋಣೆ ಬೇಕೆಂದು ಸಂಖ್ಯೆ ಸಹಿತ ಆರಿಸಿಕೊಳ್ಳಬಹುದು. ಕಡಿಮೆ ದರ ಕೊಟ್ಟರೆ ಕೋಣೆ ಖಂಡಿತ ಸಿಗುತ್ತದೆ, ಯಾವುದೆಂಬುದನ್ನು ಸಂಸ್ಥೆಯೇ ಮುಂದೆ ನಿರ್ಧರಿಸುತ್ತದೆ. ಈ ಎರಡನೆಯದಕ್ಕೆ ನೌಕಾವ್ಯವಹಾರದಲ್ಲಿ 'ಗ್ಯಾರಂಟಿ ಕ್ಯಾಬಿನ್' ಎಂದು ಹೆಸರು. ಟಿಕೆಟಿನ ಮೇಲೆ ಕೋಣೆಯ ಸಂಖ್ಯೆ ಇರಬೇಕಾದ ಜಾಗದಲ್ಲಿ 'ಜಿ.ಟಿ.ವೈ.' ಎಂಬ ಮೂರಕ್ಷರ ಕಂಡರೆ ಅದು ಇದೇ ಎಂದು ತಿಳಿಯಬೇಕು. ಎಲ್ಲ ಸಂಸ್ಥೆಗಳೂ ಈ ಹೆಸರನ್ನೇ ಬಳಸುವುದಿಲ್ಲ; ನಾರ್ವೀಜಿಯನ್ ಸಂಸ್ಥೆ ಇದನ್ನು 'ಸೇಲ್‌ಅವೇ' ಎಂದು ಕರೆಯುತ್ತದೆ.

ಭರವಸೆ ಯಾವುದಕ್ಕೆ, ಯಾವುದಕ್ಕಲ್ಲ

ನಮ್ಮವರಲ್ಲಿ ಕೆಲವರು ಇದನ್ನು ರೈಲಿನ ಆರ್.ಎ.ಸಿ. ಟಿಕೆಟಿಗೆ ಹೋಲಿಸುವುದುಂಟು. ಹೋಲಿಕೆ ಸರಿಯಲ್ಲ. ಆರ್.ಎ.ಸಿ.ಯಲ್ಲಿ ಮಲಗುವ ಸ್ಥಳವೇ ಅನುಮಾನ. ರೈಲಿನ ಪ್ರಥಮ ದರ್ಜೆ ಎ.ಸಿ.ಯ ಟಿಕೆಟನ್ನು ನೆನಪಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಅಲ್ಲಿ ಟಿಕೆಟು ಖಚಿತವಾಗಿದ್ದರೂ ಇಬ್ಬರ ಕೂಪೆಯೋ ನಾಲ್ವರ ಕ್ಯಾಬಿನ್ನೋ ಎಂಬುದು ಚಾರ್ಟು ಸಿದ್ಧವಾದ ಮೇಲಷ್ಟೇ ಗೊತ್ತಾಗುವುದು. ಗ್ಯಾರಂಟಿ ಕ್ಯಾಬಿನ್ ಹೆಚ್ಚುಕಡಿಮೆ ಇದೇ ರೀತಿಯದು.

ಹಡಗಿನ ಕೋಣೆಗಳಲ್ಲಿ ಸ್ಥೂಲವಾಗಿ ನಾಲ್ಕು ವರ್ಗಗಳಿವೆ. ಕಿಟಕಿಯೇ ಇಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಮೂಲಕ ಕಡಲು ಕಾಣುವ ಕೋಣೆ, ಹೊರಗೆ ಕುರ್ಚಿ ಹಾಕಿ ಕೂರಬಹುದಾದ ಬಾಲ್ಕನಿ ಕೋಣೆ, ಅದಕ್ಕೂ ಮೇಲೆ ಸೂಟ್. ಗ್ಯಾರಂಟಿಯ ಭರವಸೆ ಈ ವರ್ಗಕ್ಕೆ ಮಾತ್ರ. ಬಾಲ್ಕನಿಯ ಗ್ಯಾರಂಟಿ ಕೊಂಡವರನ್ನು ಒಳಕೋಣೆಗೆ ತಳ್ಳುವಂತಿಲ್ಲ. ಆದರೆ ಆ ವರ್ಗದೊಳಗೆ ಯಾವ ಡೆಕ್ಕು, ಮುಂತುದಿಯೋ ಹಿಂತುದಿಯೋ, ಎಡಬದಿಯೋ ಬಲಬದಿಯೋ, ಮೇಲೆ ಈಜುಕೊಳವಿದೆಯೋ ಕೆಳಗೆ ನೃತ್ಯಶಾಲೆಯಿದೆಯೋ, ಇದಾವುದಕ್ಕೂ ಸಂಸ್ಥೆ ಬದ್ಧವಲ್ಲ. ಕಡಲು ಕಾಣುವ ಕೋಣೆ ಎಂದು ಕೊಂಡಿದ್ದು ಗಾಜಿನ ಹೊರಗೆ ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿಯೊಂದೇ ಕಾಣುವ ಕೋಣೆಯೂ ಆಗಬಹುದು. ಎರಡು ಕೋಣೆ ಕೊಂಡರೆ ಅವೆರಡೂ ಅಕ್ಕಪಕ್ಕ ಇರಬೇಕೆಂಬ ನಿಯಮವೂ ಇಲ್ಲ. ಈ ಕೊನೆಯ ಮಾತನ್ನು ಓದುಗರು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು, ಮುಂದೆ ಅದಕ್ಕೆ ಮರಳಲಿದ್ದೇನೆ.

ಸಂಖ್ಯೆ ಯಾವಾಗ ತಿಳಿಯುತ್ತದೆ ಎಂಬುದಕ್ಕೂ ಒಂದೇ ಉತ್ತರವಿಲ್ಲ. ಕೆಲವೊಮ್ಮೆ ಕೆಲವೇ ದಿನಗಳಲ್ಲಿ ಬರುತ್ತದೆ, ಹಲವು ಬಾರಿ ಹೊರಡುವ ವಾರದಲ್ಲಿ, ಅಪರೂಪಕ್ಕೆ ಬಂದರಿನ ಕೌಂಟರಿನಲ್ಲಿ. ಬಂದ ಮೇಲೆ ಒಪ್ಪಿಗೆಯಿಲ್ಲ ಎಂದು ಬದಲಿಸಿ ಕೇಳುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ.

ಸಂಸ್ಥೆಗೆ ಇದರಿಂದ ಏನು ಲಾಭ?

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕುಳಿತವನಿಗೆ ಯಾರಾದರೂ ರಿಯಾಯಿತಿ ಕೊಟ್ಟರೆ ಮೊದಲು ಹುಟ್ಟುವ ಪ್ರಶ್ನೆ ಇದೇ. ಹೊರಟ ಹಡಗಿನಲ್ಲಿ ಖಾಲಿ ಉಳಿದ ಕೋಣೆಯನ್ನು ಮರುದಿನ ಮಾರಲಾಗದು. ಆದ್ದರಿಂದ ಹಡಗನ್ನು ತುಂಬಿಸಿಯೇ ಕಳುಹಿಸುವುದು ಈ ವ್ಯವಹಾರದ ಮೂಲಸೂತ್ರ. ಒಂದು ಕೋಣೆಗೆ ಇಬ್ಬರೆಂದು ಲೆಕ್ಕ ಹಿಡಿಯುವ ರೂಢಿಯಿರುವುದರಿಂದ, ಮೂರನೆಯ ನಾಲ್ಕನೆಯ ಹಾಸಿಗೆಗಳೂ ತುಂಬಿದಾಗ ಹಡಗಿನ ಭರ್ತಿ ಶೇಕಡಾ ನೂರನ್ನು ದಾಟುವುದು ಇಲ್ಲಿ ಸರ್ವೇಸಾಮಾನ್ಯ. ಹೀಗೆ ತುಂಬಿಸುವಾಗ ಕೋಣೆಗಳನ್ನು ಚದುರಂಗದ ಕಾಯಿಗಳಂತೆ ಆಚೀಚೆ ಸರಿಸುವ ಸ್ವಾತಂತ್ರ್ಯ ಸಂಸ್ಥೆಗೆ ಬೇಕು. ನಕ್ಷೆ ನೋಡಿ ಆರಿಸುವವರು ಒಳ್ಳೆಯ ಕೋಣೆಗಳನ್ನು ಮೊದಲೇ ಹಿಡಿದಿರುತ್ತಾರೆ. ಉಳಿದವುಗಳಿಗೆ ಯಾರು ಬೇಕಾದರೂ ಹೊಂದಿಕೊಳ್ಳುವಂಥ ಪ್ರಯಾಣಿಕರು ಸಿಕ್ಕರೆ ಸಂಸ್ಥೆಯ ಕೆಲಸ ಸುಲಭವಾಗುತ್ತದೆ.

ಅಂದರೆ ನಾವು ಅಗ್ಗದ ಕೋಣೆಯನ್ನು ಕೊಳ್ಳುತ್ತಿಲ್ಲ. ಆಯ್ಕೆಯ ಹಕ್ಕನ್ನು ಸಂಸ್ಥೆಗೆ ಮಾರುತ್ತಿದ್ದೇವೆ, ಅದರ ಬೆಲೆಯೇ ರಿಯಾಯಿತಿಯ ರೂಪದಲ್ಲಿ ನಮಗೆ ಬರುತ್ತದೆ. ಆ ಹಕ್ಕು ನಮಗೆ ನಿಜಕ್ಕೂ ಉಪಯೋಗವಿಲ್ಲದ್ದಾದರೆ ಮಾರುವುದು ಜಾಣತನ. ಉಪಯೋಗವಿದ್ದರೆ, ಬಂದ ಬೆಲೆ ಸಾಕಷ್ಟಾಯಿತೇ ಎಂದು ನೋಡಬೇಕು.

ಮೇಲ್ದರ್ಜೆಯ ಆಸೆಯ ಬಗ್ಗೆಯೂ ಒಂದು ಮಾತು. ಒಳಕೋಣೆ ಕೊಂಡವರಿಗೆ ಬಾಲ್ಕನಿ ಸಿಕ್ಕಿತು ಎಂಬ ಕಥೆ ನಮ್ಮ ಗಣೇಶೋತ್ಸವದ ಪಂಕ್ತಿಯಲ್ಲೂ ಕೇಳಿಬರುತ್ತದೆ. ಅದು ಸುಳ್ಳಲ್ಲ, ಮೇಲಿನ ವರ್ಗ ಖಾಲಿ ಉಳಿದು ಕೆಳಗಿನದು ತುಂಬಿದಾಗ ಹಾಗೆ ನಡೆಯುತ್ತದೆ. ಆದರೆ ಅದೃಷ್ಟ ಒಲಿದವರು ಹತ್ತು ಕಡೆ ಹೇಳುತ್ತಾರೆ, ಒಲಿಯದವರು ಸುಮ್ಮನಿರುತ್ತಾರೆ. ಉಳಿದ ಮೇಲ್ವರ್ಗದ ಕೋಣೆಗಳನ್ನು ಈಗ ಅನೇಕ ಸಂಸ್ಥೆಗಳು ಹರಾಜಿನ ರೀತಿಯಲ್ಲಿ, ಹೆಚ್ಚುವರಿ ಹಣ ಕೊಡುವವರಿಗೆ ಮಾರತೊಡಗಿವೆ. ಪುಕ್ಕಟೆಯಾಗಿ ಕೊಡುವ ಸಂದರ್ಭ ಅಷ್ಟರಮಟ್ಟಿಗೆ ಕುಗ್ಗಿದೆ.

ನಮ್ಮದೇ ಪ್ರಕರಣ

2023ರ ಡಿಸೆಂಬರಿನಲ್ಲಿ ನಾವು ನಾಲ್ವರು, ಅಂದರೆ ನಾನು, ನನ್ನ ಶ್ರೀಮತಿ, ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಮತ್ತು ಎಪ್ಪತ್ತನಾಲ್ಕರ ನಮ್ಮ ಅತ್ತೆಯವರು, ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಮಾರ್ಗವಾಗಿ ನಾಲ್ಕು ರಾತ್ರಿಗಳ ವಿಹಾರಕ್ಕೆ ಹೋಗಿದ್ದೆವು. ಏಜೆಂಟರು ಎರಡು ದರಗಳನ್ನು ಮುಂದಿಟ್ಟಾಗ ತಲಾ ಮೂರು ಸಾವಿರದ ಎಂಟುನೂರು ರೂಪಾಯಿ ಉಳಿಯುವುದೆಂದು ನಾನೇ ಮುಂದಾಗಿ ಗ್ಯಾರಂಟಿಗೆ ಒಪ್ಪಿದೆ. ಒಟ್ಟು ಉಳಿತಾಯ ಹದಿನೈದು ಸಾವಿರದ ಇನ್ನೂರು. ವಿಮಾನ, ವೀಸಾ, ಸಿಂಗಾಪುರದ ಹೋಟೆಲು ಎಲ್ಲ ಸೇರಿ ನಮ್ಮ ಖರ್ಚು ಮೂರು ಲಕ್ಷಕ್ಕೆ ಹತ್ತಿರವಾಗಿತ್ತು ಎಂಬುದನ್ನು ಆಗ ಪಕ್ಕದಲ್ಲಿಟ್ಟು ನೋಡಲಿಲ್ಲ.

ಹೊರಡುವ ಆರು ದಿನ ಮೊದಲು ಸಂಖ್ಯೆಗಳು ಬಂದವು. ದಂಪತಿಗಳಾದ ನಮಗೆ ಆರನೆಯ ಡೆಕ್ಕಿನ ಮುಂತುದಿ, ಅಜ್ಜಿ ಮೊಮ್ಮಗಳಿಗೆ ಹತ್ತನೆಯ ಡೆಕ್ಕಿನ ಹಿಂತುದಿ. ಹಡಗಿನ ಉದ್ದ ಮುನ್ನೂರು ಮೀಟರಿಗೂ ಮಿಗಿಲು. ಏಜೆಂಟರನ್ನು ಕೇಳಿದಾಗ, "ಎರಡೂ ಒಳಕೋಣೆ, ಹೇಳಿದ ಹಾಗೇ ಬಂದಿದೆಯಲ್ಲ ಸಾರ್" ಎಂದರು. ಅವರ ಮಾತು ಸರಿಯೇ ಇತ್ತು. ಸಂಸ್ಥೆ ಯಾವ ಷರತ್ತನ್ನೂ ಮುರಿದಿರಲಿಲ್ಲ. ಸಾಲಗಾರರಿಗೆ ಷರತ್ತುಗಳನ್ನು ಓದಿಯೇ ಸಹಿ ಮಾಡಿ ಎಂದು ದಿನನಿತ್ಯ ಹೇಳುವ ನಾನು ನನ್ನ ಷರತ್ತನ್ನು ಓದಿರಲಿಲ್ಲ.

ಹಡಗೇರಿದ ಒಂದು ಗಂಟೆಯೊಳಗೆ ಇದರ ನಿಜವಾದ ಅರ್ಥ ತಿಳಿಯಿತು. ಪ್ರತಿ ಪ್ರಯಾಣಿಕನ ಕಾರ್ಡಿನ ಮೇಲೆ ಆಪತ್ಕಾಲದಲ್ಲಿ ಅವನು ಸೇರಬೇಕಾದ ಸ್ಥಳದ ಗುರುತು ಇರುತ್ತದೆ. ಅದನ್ನು ಮಸ್ಟರ್ ಸ್ಟೇಷನ್ ಎನ್ನುತ್ತಾರೆ, ಅದು ನಿಗದಿಯಾಗುವುದು ಕೋಣೆಯ ಆಧಾರದಲ್ಲಿ. 2012ರ ಜನವರಿ 13ರಂದು ಇಟಲಿಯ ಜೀಲ್ಯೊ ದ್ವೀಪದ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಹಡಗು ಬಂಡೆಗೆ ಬಡಿದು 32 ಜನ ಮೃತಪಟ್ಟಾಗ, ಅದೇ ದಿನ ಹಡಗೇರಿದ್ದ ನೂರಾರು ಪ್ರಯಾಣಿಕರಿಗೆ ಸುರಕ್ಷತಾ ಅಭ್ಯಾಸ ಇನ್ನೂ ನಡೆದೇ ಇರಲಿಲ್ಲ. ಹೊರಟ 24 ಗಂಟೆಗಳೊಳಗೆ ನಡೆಸಿದರೆ ಸಾಕು ಎಂದಿದ್ದ ಅಂತರರಾಷ್ಟ್ರೀಯ ನಿಯಮವನ್ನು ಆ ಬಳಿಕ ಬದಲಿಸಿ, 2015ರ ಜನವರಿ 1ರಿಂದ ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅಭ್ಯಾಸ ಕಡ್ಡಾಯವೆಂದು ವಿಧಿಸಲಾಯಿತು. ಈ ಅಭ್ಯಾಸಕ್ಕೆಂದು ನಾವು ಹೊರಟಾಗ ಕಂಡದ್ದೇನೆಂದರೆ, ನಮ್ಮಿಬ್ಬರ ಸ್ಥಳ ಒಂದು, ಅಜ್ಜಿ ಮೊಮ್ಮಗಳ ಸ್ಥಳ ಹಡಗಿನ ಇನ್ನೊಂದು ಕೊನೆಯಲ್ಲಿ. ಮಂಡಿನೋವಿನಿಂದ ನಿಧಾನವಾಗಿ ನಡೆಯುವ ವೃದ್ಧೆ, ಜೊತೆಗೆ ಹತ್ತೊಂಬತ್ತರ ಹುಡುಗಿ. ಏನಾದರೂ ಆದರೆ ತಾಯಿಯನ್ನು ಹುಡುಕುತ್ತ ನಾನು ಆ ಕಡೆಗೆ ಓಡುವಂತಿಲ್ಲ, ಮಗಳು ನನ್ನ ಕಡೆಗೆ ಬರುವಂತಿಲ್ಲ ಎಂದು ನನ್ನ ಶ್ರೀಮತಿ ಮೆಲ್ಲಗೆ ಹೇಳಿದಾಗ ಹದಿನೈದು ಸಾವಿರದ ಲೆಕ್ಕ ನನಗೆ ಮರೆತುಹೋಯಿತು.

ಪರಿಹಾರವೇನೋ ಸರಳವಾಗಿತ್ತು. ಶ್ರೀಮತಿ ತಾಯಿಯ ಕೋಣೆಗೆ ಹೋದರು, ಮಗಳು ನನ್ನ ಕೋಣೆಗೆ ಬಂದಳು. ಹೀಗೆ ಮಾಡುವವರು ಹಡಗಿನ ಸ್ವಾಗತ ಕಚೇರಿಗೆ ಹೇಳಿ ಕಾರ್ಡುಗಳನ್ನೂ ಹೆಸರುಪಟ್ಟಿಯನ್ನೂ ತಿದ್ದಿಸಿಕೊಳ್ಳಲೇಬೇಕು, ಏಕೆಂದರೆ ಆಪತ್ತಿನಲ್ಲಿ ಹಾಜರಿ ಕರೆಯುವುದು ಆ ಪಟ್ಟಿಯಂತೆ. ಕೋಣೆ ಬದಲಿಸಿ ಕೊಡುವಿರಾ ಎಂದೂ ಕೇಳಿದೆ. ಹಡಗು ತುಂಬಿದೆ ಎಂದು ಅಲ್ಲಿದ್ದ ಹುಡುಗ ಕ್ಷಮೆ ಕೋರಿದ.

ಎರಡನೆಯ ರಾತ್ರಿ ಅತ್ತೆಯವರಿಗೆ ಎಚ್ಚರವಾಯಿತಂತೆ. ಬೆಳಗಿನ ಜಾವ ಎದ್ದು ಕಿಟಕಿಯ ಬೆಳಕಿನಿಂದಲೇ ಹೊತ್ತು ಅಳೆಯುವ ಅಭ್ಯಾಸ ಅವರದು. ಒಳಕೋಣೆಯಲ್ಲಿ ದೀಪ ಆರಿಸಿದರೆ ಕಣ್ಣಿಗೆ ಕೈಯೂ ಕಾಣದಂಥ ಕತ್ತಲೆ, ಹಗಲಿಗೂ ಇರುಳಿಗೂ ವ್ಯತ್ಯಾಸವಿಲ್ಲ. ಬೆಳಗಾಯಿತೆಂದು ತಿಳಿದು ಸ್ನಾನ ಮುಗಿಸಿ ದೇವರ ನಾಮ ಹೇಳುತ್ತ ಕುಳಿತಿದ್ದರು. ಆಗ ಗಂಟೆ ಎರಡೂವರೆ. ಇದು ಗ್ಯಾರಂಟಿಯ ದೋಷವಲ್ಲ, ಒಳಕೋಣೆಯ ಸ್ವಭಾವ. ಮರುದಿನದಿಂದ ಸ್ನಾನದ ಕೋಣೆಯ ದೀಪ ಹಚ್ಚಿ ಬಾಗಿಲನ್ನು ತುಸು ತೆರೆದಿಟ್ಟೆವು. ಅನೇಕ ಹಡಗುಗಳ ಟಿ.ವಿ.ಯಲ್ಲಿ ಮುಂತುದಿಯ ಕ್ಯಾಮೆರಾದ ದೃಶ್ಯ ತೋರಿಸುವ ಚಾನೆಲೊಂದು ಇರುತ್ತದೆ. ಶಬ್ದ ಅಡಗಿಸಿ ಅದನ್ನು ಹಾಕಿಟ್ಟರೆ ಸೂರ್ಯೋದಯವಾದದ್ದು ಕೋಣೆಯೊಳಗೇ ತಿಳಿಯುತ್ತದೆ.

ನಕ್ಷೆಯನ್ನು ಓದುವ ಬಗೆ

ಗ್ಯಾರಂಟಿ ಕೊಳ್ಳುವವರಿಗೆ ನಕ್ಷೆ ಏಕೆ ಎಂದು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಅವರಿಗೇ ಅದು ಹೆಚ್ಚು ಅಗತ್ಯ. ಪ್ರತಿ ಸಂಸ್ಥೆಯೂ ತನ್ನ ಹಡಗಿನ ಡೆಕ್ಕುಗಳ ನಕ್ಷೆಯನ್ನು ಪ್ರಕಟಿಸಿರುತ್ತದೆ. ನೀವು ಕೊಳ್ಳಲಿರುವ ವರ್ಗದ ಕೋಣೆಗಳೆಲ್ಲ ಎಲ್ಲೆಲ್ಲಿವೆ ಎಂದು ಗುರುತಿಸಿ, ಅವುಗಳಲ್ಲಿ ಅತ್ಯಂತ ಕೆಟ್ಟದ್ದು ಯಾವುದೆಂದು ಹುಡುಕಿರಿ. ಆ ಕೋಣೆಯೇ ನಿಮಗೆ ಬಂದಿದೆ ಎಂದು ಭಾವಿಸಿರಿ. ಅದರಲ್ಲಿ ನಾಲ್ಕು ರಾತ್ರಿ ಮಲಗಲು ನಿಮ್ಮ ಮನೆಯವರೆಲ್ಲರಿಗೂ ಒಪ್ಪಿಗೆಯಾದರೆ ನಿಶ್ಚಿಂತೆಯಿಂದ ಗ್ಯಾರಂಟಿ ಕೊಳ್ಳಬಹುದು.

ಕೆಟ್ಟದ್ದನ್ನು ಗುರುತಿಸುವಾಗ ಕೋಣೆಯ ಡೆಕ್ಕನ್ನು ಮಾತ್ರ ನೋಡಿದರೆ ಸಾಲದು, ಮೇಲಿನ ಕೆಳಗಿನ ಡೆಕ್ಕುಗಳನ್ನೂ ನೋಡಬೇಕು. ಮೇಲೂ ಕೆಳಗೂ ಕೋಣೆಗಳೇ ಇದ್ದರೆ ನಿಶ್ಶಬ್ದ. ಮೇಲೆ ಈಜುಕೊಳದ ಡೆಕ್ಕಿದ್ದರೆ ಬೆಳಗ್ಗೆ ಬೇಗನೆ ಕುರ್ಚಿ ಎಳೆಯುವ ಸದ್ದು, ಕೆಳಗೆ ರಂಗಮಂದಿರವೋ ನೃತ್ಯಶಾಲೆಯೋ ಇದ್ದರೆ ನಡುರಾತ್ರಿಯವರೆಗೆ ಡೋಲಿನ ಪೆಟ್ಟು ಹಾಸಿಗೆಗೆ ತಾಗುತ್ತದೆ. ಮುಂತುದಿಯ ಕೆಳ ಡೆಕ್ಕುಗಳಲ್ಲಿ ಹಡಗು ಬೆಳಗ್ಗೆ ಬಂದರು ಸೇರುವಾಗ ಲಂಗರಿನ ಸರಪಳಿಯ ಮತ್ತು ಹಡಗನ್ನು ಪಕ್ಕಕ್ಕೆ ಸರಿಸುವ ಯಂತ್ರಗಳ ಗದ್ದಲ ಕೇಳುತ್ತದೆ. ಹಿಂತುದಿಯ ಕೆಳಗಡೆ ಎಂಜಿನಿನ ಕಂಪನ. ನಕ್ಷೆಯಲ್ಲಿ ಹೆಸರಿಲ್ಲದೆ ಖಾಲಿ ಬಿಟ್ಟ ಜಾಗ ನಿಜವಾಗಿ ಖಾಲಿಯಲ್ಲ, ಬಹುತೇಕ ಅದು ಸಿಬ್ಬಂದಿಯ ಉಗ್ರಾಣವೋ ಅಡುಗೆಮನೆಯೋ ಆಗಿರುತ್ತದೆ. ಪಕ್ಕದ ಕೋಣೆಗೆ ಒಳಬಾಗಿಲಿರುವ ಜೋಡಿಕೋಣೆ ಒಂದೇ ಕುಟುಂಬಕ್ಕೆ ವರ. ಅಪರಿಚಿತರು ಪಕ್ಕದಲ್ಲಿದ್ದರೆ ಅವರ ಮಾತೆಲ್ಲ ನಮ್ಮ ಕಿವಿಗೆ.

ತೂಗಾಟದ ಭಯ ಪ್ರಥಮ ಪ್ರಯಾಣಿಕರಿಗೆ ಸಹಜ. ಸೀಸಾ ಆಟದ ಹಲಗೆಯಂತೆ ಹಡಗಿನ ಎರಡು ತುದಿಗಳು ಹೆಚ್ಚು ಏರಿಳಿಯುತ್ತವೆ, ನಡುಭಾಗ ಕಡಿಮೆ. ಮೇಲಿನ ಡೆಕ್ಕುಗಳು ಹೆಚ್ಚು ಓಲಾಡುತ್ತವೆ, ಕೆಳಗಿನವು ಕಡಿಮೆ. ಆದ್ದರಿಂದ ಹೊಟ್ಟೆ ತೊಳಸುವ ಸ್ವಭಾವದವರಿಗೆ ನಡುಭಾಗದ ಕೆಳ ಡೆಕ್ಕೇ ಉತ್ತಮ, ಅದನ್ನು ಆರಿಸಿಯೇ ಕೊಳ್ಳಬೇಕು. ಆದರೆ ಮಾರ್ಗವನ್ನೂ ಗಮನಿಸಬೇಕು. ಸುಮಾತ್ರಾ ದ್ವೀಪ ಮತ್ತು ಮಲಯ ಪರ್ಯಾಯ ದ್ವೀಪಗಳ ನಡುವಿನ ಮಲಾಕ್ಕಾ ಜಲಸಂಧಿ ಎರಡೂ ಕಡೆ ನೆಲದ ಆಶ್ರಯ ಪಡೆದ ನೀರು. ಮುಂತುದಿಯಲ್ಲಿದ್ದ ನಮಗೂ ಅಲ್ಲಿ ಲೋಟದ ನೀರು ಅಲುಗಿದ್ದು ಕಾಣಲಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ, ಚಳಿಗಾಲದಲ್ಲಿ ಕಡಲು ಸಾಮಾನ್ಯವಾಗಿ ಶಾಂತ. ತೀರ ಬಿಟ್ಟು ಲಕ್ಷದ್ವೀಪದ ಕಡೆಗೆ ಹೋಗುವಾಗ ತೆರೆದ ಸಮುದ್ರ ಎಂಬ ಎಚ್ಚರಿಕೆ ಇರಲಿ.

ಯಾರು ಕೊಳ್ಳಬಹುದು

ಎಲ್ಲಿ ತಲೆಯಿಟ್ಟರೂ ನಿದ್ರೆ ಬರುವ ದಂಪತಿಗಳಿಗೆ, ಒಂದೇ ಕೋಣೆ ಸಾಕಾಗುವವರಿಗೆ, ಕೋಣೆಯೆಂದರೆ ಬಟ್ಟೆ ಬದಲಿಸುವ ಜಾಗ ಎನ್ನುವ ತರುಣರಿಗೆ ಗ್ಯಾರಂಟಿ ಒಳ್ಳೆಯ ವ್ಯವಹಾರ. ಎರಡು ಮೂರು ರಾತ್ರಿಯ ಯಾನವಾದರೆ ಇನ್ನೂ ಒಳ್ಳೆಯದು. ಮಕ್ಕಳೊಂದಿಗೆ ಮೂವರು ನಾಲ್ವರು ಒಂದೇ ಕೋಣೆಯಲ್ಲಿರುವುದಾದರೆ ಟಿಕೆಟು ತೆಗೆಯುವಾಗಲೇ ಎಲ್ಲರ ಹೆಸರು ಕೊಡಬೇಕು. ಅಷ್ಟು ಹಾಸಿಗೆಗಳಿರುವ ಕೋಣೆ ಕಡಿಮೆ, ಜೀವರಕ್ಷಕ ದೋಣಿಗಳ ಮಿತಿಯೂ ಇರುವುದರಿಂದ ಆಮೇಲೆ ಒಬ್ಬರನ್ನು ಸೇರಿಸಲು ಬರುವುದಿಲ್ಲ.

ಎರಡು ಕೋಣೆಗಳು ಬೇಕಾದ ಕುಟುಂಬ, ಜೊತೆಯಲ್ಲಿ ವೃದ್ಧರು, ಮಂಡಿನೋವು, ರಾತ್ರಿ ಔಷಧಿ ಕೊಡಬೇಕಾದವರು, ಸಣ್ಣ ಸದ್ದಿಗೂ ಏಳುವವರು ಇದ್ದರೆ ಗ್ಯಾರಂಟಿ ಬೇಡ ಎಂದೇ ನನ್ನ ಸಲಹೆ. ಎರಡು ಟಿಕೆಟುಗಳನ್ನು ಜೋಡಿಸಿದ್ದೇವೆ, ಹತ್ತಿರ ಹತ್ತಿರ ಕೊಡುತ್ತಾರೆ ಎಂದು ಏಜೆಂಟರು ಹೇಳಿದರೆ ಅದು ಕೋರಿಕೆಯೇ ಹೊರತು ವಾಗ್ದಾನವಲ್ಲ. ಗಾಲಿಕುರ್ಚಿ ಬಳಸುವವರಿಗೆಂದೇ ಅಗಲ ಬಾಗಿಲಿನ ಕೋಣೆಗಳಿವೆ. ಅವು ಬೆರಳೆಣಿಕೆಯಷ್ಟು ಮಾತ್ರ ಇರುವುದರಿಂದ ಹೆಸರು ಹೇಳಿ ಮುಂಚಿತವಾಗಿ ಕಾಯ್ದಿರಿಸಬೇಕು. ನಡುವಿನ ದಾರಿಯೂ ಒಂದಿದೆ: ಹಿರಿಯರಿರುವ ಕೋಣೆಯನ್ನು ಲಿಫ್ಟಿಗೆ ಹತ್ತಿರ, ಆದರೆ ಲಿಫ್ಟಿನ ಬಾಗಿಲೆದುರಿಗೇ ಅಲ್ಲದಂತೆ ಆರಿಸಿಕೊಂಡು, ಅವರೊಡನೆ ನೆರವಾಗಬಲ್ಲವರೊಬ್ಬರನ್ನು ಇರಿಸಿ, ಉಳಿದ ಹುಡುಗರಿಗೆ ಮಾತ್ರ ಗ್ಯಾರಂಟಿ ಕೊಳ್ಳುವುದು.

ಹಣದ ಲೆಕ್ಕ

ಜಾಹೀರಾತಿನ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರಿದ್ದಾಗ ತಲಾ ಒಬ್ಬರದು. ಒಬ್ಬರೇ ಹೋದರೆ ಅನೇಕ ವೇಳೆ ಇಬ್ಬರ ದರಕ್ಕೆ ಹತ್ತಿರ ತೆರಬೇಕಾಗುತ್ತದೆ. ಬಂದರು ಶುಲ್ಕ, ತೆರಿಗೆ, ದಿನಕ್ಕಿಷ್ಟು ಎಂದು ಸೇರಿಸುವ ಸಿಬ್ಬಂದಿಯ ಭಕ್ಷೀಸು ಇವು ಗ್ಯಾರಂಟಿಗೂ ಆರಿಸಿದ ಕೋಣೆಗೂ ಸಮಾನ. ಆದ್ದರಿಂದ ಮೂಲ ದರದಲ್ಲಿ ದೊಡ್ಡದಾಗಿ ಕಾಣುವ ವ್ಯತ್ಯಾಸ ಒಟ್ಟು ಬಿಲ್ಲಿನಲ್ಲಿ ಕಿರಿದಾಗುತ್ತದೆ. ಒಟ್ಟು ಬಿಲ್ಲುಗಳೆರಡನ್ನೂ ಕಾಗದದ ಮೇಲೆ ಪಡೆದು ಹೋಲಿಸಬೇಕು. ಅತಿ ಅಗ್ಗದ ದರಗಳಲ್ಲಿ ಟಿಕೆಟು ರದ್ದು ಮಾಡಿದರೆ ಮುಂಗಡ ಹಿಂದಿರುಗದು ಎಂಬ ಷರತ್ತು ಇರುವುದುಂಟು. ಹಿರಿಯರಿರುವ ಮನೆಯಲ್ಲಿ ಇದೂ ಗಮನಾರ್ಹ. 'ರನ್ ಆಫ್ ಶಿಪ್' ಎಂದು ಹೇಳಿ ಇನ್ನೂ ಅಗ್ಗಕ್ಕೆ ಕೊಟ್ಟರೆ, ಅಲ್ಲಿ ಕೋಣೆಯ ವರ್ಗವನ್ನೂ ಸಂಸ್ಥೆಯೇ ನಿರ್ಧರಿಸುತ್ತದೆ ಎಂದು ತಿಳಿಯಬೇಕು.

ವಿದೇಶ ಪ್ರವಾಸದ ಪ್ಯಾಕೇಜು ಕೊಂಡರೆ ಟಿ.ಸಿ.ಎಸ್. ಎಂದು ಕರೆಯುವ ತೆರಿಗೆಯನ್ನು ಏಜೆಂಟರು ಮುಂಗಡವಾಗಿ ವಸೂಲು ಮಾಡುವ ಪದ್ಧತಿ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದರ ದರ ಹಲವು ಬಾರಿ ಬದಲಾಗಿದೆ. ಕೊಟ್ಟ ಹಣ ನಷ್ಟವಲ್ಲ, ಆದಾಯ ತೆರಿಗೆಯ ವಿವರಪತ್ರದಲ್ಲಿ ಹೊಂದಿಸಿಕೊಳ್ಳಬಹುದು. ಅದಕ್ಕಾಗಿ ರಸೀತಿಯ ಮೇಲೆ ತೆರಿಗೆ ಪಾವತಿಸುವವರ ಪ್ಯಾನ್ ಸಂಖ್ಯೆಯೇ ಇರುವಂತೆ ನೋಡಿಕೊಳ್ಳಿರಿ. ನಮ್ಮ ಶಾಖೆಗೆ ಬರುವವರಲ್ಲಿ ಇದನ್ನು ಮರೆತು ಪೇಚಾಡುವವರು ಪ್ರತಿ ಜುಲೈ ತಿಂಗಳಲ್ಲೂ ಕಾಣಸಿಗುತ್ತಾರೆ.

ಗ್ಯಾರಂಟಿಯನ್ನೇ ಕೊಂಡವರು ಹೊರಡುವ ಮುನ್ನಿನ ವಾರ ಪ್ರತಿದಿನ ಟಿಕೆಟಿನ ವಿವರ ತೆರೆದು ನೋಡುತ್ತಿರಬೇಕು. ಬಂದರಿನಲ್ಲಿ ಒಪ್ಪಿಸುವ ಪೆಟ್ಟಿಗೆಗಳು ಕೋಣೆಯ ಬಾಗಿಲಿಗೆ ಬಂದು ತಲುಪುವುದು ಅವಕ್ಕೆ ಕಟ್ಟಿದ ಚೀಟಿಯ ಮೇಲಿನ ಸಂಖ್ಯೆಯಿಂದ. ಸಂಖ್ಯೆ ತಡವಾಗಿ ಬಂದರೆ ಚೀಟಿಯನ್ನು ಹೊಸದಾಗಿ ಮುದ್ರಿಸಿಕೊಳ್ಳಬೇಕು, ಇಲ್ಲವೇ ಬಂದರಿನ ಹಮಾಲರ ಬಳಿ ಸಿಗುವ ಖಾಲಿ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕಟ್ಟಬೇಕು. ಹಿರಿಯರ ಔಷಧಿಯ ಚೀಲವನ್ನು ಮಾತ್ರ ಆ ಪೆಟ್ಟಿಗೆಗಳಲ್ಲಿಡದೆ ಕೈಯಲ್ಲೇ ಒಯ್ಯಿರಿ. ಪೆಟ್ಟಿಗೆ ಬಾಗಿಲಿಗೆ ಬರುವಷ್ಟರಲ್ಲಿ ರಾತ್ರಿ ಊಟದ ಹೊತ್ತಾಗಿರುತ್ತದೆ.